ತುಂಡಾದ ನರ ಮತ್ತೆ ಬೆಳೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನರಕ್ಕೆ ಪೆಟ್ಟಾದವರು, ಅವರ ಮನೆಯವರು, ಫಿಸಿಯೋಥೆರಪಿ ಮತ್ತು ಜೀವವಿಜ್ಞಾನ ಓದುವ ಹುಡುಗ ಹುಡುಗಿಯರು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಸುಲಭದ ಪ್ರಶ್ನೆಗಳು ಮೊದಲು, ಕಷ್ಟದವು ಆಮೇಲೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು. ಇಲ್ಲಿನ ಮಾತೆಲ್ಲ ಮಿದುಳು ಮತ್ತು ಬೆನ್ನುಹುರಿಯ ಹೊರಗಿರುವ ನರಗಳ ಬಗ್ಗೆ, ಅಂದರೆ ಕೈ, ಕಾಲು, ಮುಖಗಳಿಗೆ ಹೋಗುವ ನರಗಳ ಬಗ್ಗೆ. ನಿಮ್ಮದೇ ಗಾಯಕ್ಕೆ ಏನು ಮಾಡಬೇಕು ಅನ್ನುವುದನ್ನು ಕೈ ಹಿಡಿದು ನೋಡಿದ ಡಾಕ್ಟರೇ ಹೇಳಬೇಕು.

## ಮೊದಲಿಗೆ

ಗಾಜು ಚುಚ್ಚಿ ಮಣಿಕಟ್ಟಿನ ನರ ಕಟ್ ಆಗಿದೆ ಅಂದ್ರು. ಅದು ಮತ್ತೆ ಬೆಳೆಯುತ್ತಾ?

ಬೆಳೆಯುತ್ತದೆ. ಆದರೆ ಮೂಳೆ ಕೂಡಿಕೊಳ್ಳುವ ರೀತಿಯಲ್ಲಿ ಅಲ್ಲ.

ಒಂದು ನರದಲ್ಲಿ ಸಾವಿರಾರು ಸಣ್ಣ ಎಳೆಗಳಿರುತ್ತವೆ. ಒಂದೊಂದು ಎಳೆಗೂ ಆಕ್ಸಾನ್ ಅಂತ ಹೆಸರು. ಅದು ಒಂದು ನರಕೋಶದಿಂದ ಹೊರಟ ಉದ್ದನೆಯ ಬಾಲ. ಕೋಶದ ದೇಹ ಇರುವುದು ಬೆನ್ನುಹುರಿಯ ಒಳಗೆ, ಇಲ್ಲವೇ ಅದರ ಪಕ್ಕದ ಗಂಟಿನಲ್ಲಿ. ಮಣಿಕಟ್ಟಿನಲ್ಲಿ ನರ ತುಂಡಾದರೆ ಬೆರಳಿನ ಕಡೆಗಿರುವ ತುಂಡು ಕೋಶದ ದೇಹದಿಂದ ಬೇರೆಯಾಗಿ ಸತ್ತುಹೋಗುತ್ತದೆ. ಮೇಲಿನ ತುಂಡು ಬದುಕಿರುತ್ತದೆ. ಅದರ ತುದಿಯಿಂದ ಆಕ್ಸಾನ್‌ಗಳು ಹೊಸದಾಗಿ ಚಿಗುರಿ ಬೆರಳಿನವರೆಗೂ ಬೆಳೆದು ಹೋಗಬೇಕು. ಡಾಕ್ಟರ್ ಹೊಲಿಯುವುದು ನರದ ಹೊರಗಿನ ಹೊದಿಕೆಯನ್ನು ಮಾತ್ರ. ಆಕ್ಸಾನ್‌ಗಳನ್ನು ಯಾರೂ ಹೊಲಿಯಲಾಗುವುದಿಲ್ಲ, ಅವು ತಾವಾಗಿಯೇ ಬೆಳೆಯಬೇಕು.

ನಮ್ಮ ಪಕ್ಕದ ಮನೆಯವರಿಗೂ ನರಕ್ಕೆ ಏಟಾಗಿತ್ತು, ಒಂದೂವರೆ ತಿಂಗಳಲ್ಲಿ ಸರಿಹೋಯ್ತು. ನನಗೆ ಯಾಕೆ ಇಷ್ಟು ದಿನ?

ಏಟುಗಳಲ್ಲಿ ದರ್ಜೆಗಳಿವೆ. 1943ರಲ್ಲಿ ಬ್ರಿಟನ್ನಿನ ಸರ್ಜನ್ ಹರ್ಬರ್ಟ್ ಸೆಡ್ಡನ್ ಇವನ್ನು ಮೂರಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ಆಕ್ಸಾನ್ ಮುರಿದಿರುವುದಿಲ್ಲ. ಅದರ ಮೇಲಿನ ಮೈಲಿನ್ ಹೊದಿಕೆ ಮಾತ್ರ ಕೆಟ್ಟಿರುತ್ತದೆ, ಸಂದೇಶ ನಿಂತಿರುತ್ತದೆ. ಇದು ಕೆಲವು ವಾರಗಳಲ್ಲಿ ಪೂರ್ತಿ ಸರಿಹೋಗುತ್ತದೆ. ಎರಡನೆಯದರಲ್ಲಿ ಒಳಗಿನ ಆಕ್ಸಾನ್‌ಗಳು ಮುರಿದಿರುತ್ತವೆ, ಆದರೆ ಅವು ಓಡುವ ಕೊಳವೆಗಳು ಹಾಗೇ ಉಳಿದಿರುತ್ತವೆ. ಆಪರೇಷನ್ ಇಲ್ಲದೆಯೂ ಇದು ಬೆಳೆದು ಬರಬಹುದು. ಮೂರನೆಯದು ಪೂರ್ತಿ ತುಂಡಾಗಿರುವುದು. ಇದಕ್ಕೆ ಸರ್ಜನ್ ಬೇಕೇ ಬೇಕು. ಪಕ್ಕದ ಮನೆಯವರದ್ದು ಬಹುಶಃ ಮೊದಲನೆಯದು.

ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣಬಹುದು, ಕೈ ಮರಗಟ್ಟಿರುತ್ತದೆ ಅಷ್ಟೆ. ಅದಕ್ಕೇ ಕೆಲವು ವಾರಗಳಾದ ಮೇಲೆ ನರದ ವಿದ್ಯುತ್ ಪರೀಕ್ಷೆ ಮಾಡಿಸುತ್ತಾರೆ.

ಹೊಲಿಗೆ ಹಾಕಿ ತಿಂಗಳಾಯ್ತು, ಬೆರಳಿಗೆ ಸ್ಪರ್ಶಾನೇ ಇಲ್ಲ. ಆಪರೇಷನ್ ಫೇಲ್ ಆಯ್ತಾ?

ಒಂದು ತಿಂಗಳಿಗೆ ಹಾಗೆ ಹೇಳಲಾಗುವುದಿಲ್ಲ. ಆಕ್ಸಾನ್ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ತಿಂಗಳಿಗೆ ಸುಮಾರು ಒಂದು ಇಂಚು. ಮಣಿಕಟ್ಟಿನಿಂದ ಬೆರಳ ತುದಿಗೆ 18 ಸೆಂಟಿಮೀಟರ್ ಇದ್ದರೆ ಆರು ತಿಂಗಳು ಬೇಕು. ಶುರುವಿನಲ್ಲಿ ಹೊಲಿಗೆಯ ಜಾಗ ದಾಟುವುದಕ್ಕೇ ಕೆಲವು ವಾರ ಹಿಡಿಯುತ್ತದೆ.

ವೇಗ ಯಾಕೆ ಇಷ್ಟು ಕಡಿಮೆ? ಆಕ್ಸಾನ್ ಉದ್ದವಾಗಲು ಬೇಕಾದ ಟ್ಯೂಬುಲಿನ್, ಆಕ್ಟಿನ್ ಅನ್ನುವ ಪ್ರೋಟೀನುಗಳಲ್ಲಿ ಹೆಚ್ಚಿನವು ಕೋಶದ ದೇಹದಿಂದಲೇ ಬರಬೇಕು. ಅವು ಆಕ್ಸಾನ್ ಒಳಗೆ ಸಾಗುವುದು ದಿನಕ್ಕೆ ಕೆಲವೇ ಮಿಲಿಮೀಟರ್. ಸಾಮಾನು ಬಂದಷ್ಟೇ ಬೆಳವಣಿಗೆ.

ಬೆಳೆಯುತ್ತಿದೆಯೋ ಇಲ್ಲವೋ ನೋಡಲು ಒಂದು ಹಳೆಯ, ಸುಲಭದ ಪರೀಕ್ಷೆ ಇದೆ. ನರದ ದಾರಿಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದರೆ, ಚಿಗುರುತ್ತಿರುವ ತುದಿ ಇರುವ ಕಡೆ ಜುಮ್ ಅನ್ನುತ್ತದೆ. 1915ರಲ್ಲಿ, ಮೊದಲ ಮಹಾಯುದ್ಧದ ಗಾಯಾಳುಗಳ ಕಾಲದಲ್ಲಿ, ಫ್ರಾನ್ಸಿನ ಜೂಲ್ಸ್ ಟಿನೆಲ್ ಇದನ್ನು ವಿವರಿಸಿದರು. ತಿಂಗಳು ಕಳೆದ ಹಾಗೆ ಆ ಜುಮ್ ಅನ್ನುವ ಜಾಗ ಬೆರಳಿನ ಕಡೆಗೆ ಸರಿಯುತ್ತಿದ್ದರೆ ಒಳ್ಳೆಯ ಲಕ್ಷಣ.

ಸ್ಪರ್ಶ ಬರ್ತಾ ಇದೆ, ಆದರೆ ಮುಟ್ಟಿದರೆ ಉರಿ, ಶಾಕ್ ಹೊಡೆದ ಹಾಗೆ. ಇದು ಸರೀನಾ?

ಹೆಚ್ಚಿನವರಿಗೆ ಹೀಗೇ ಶುರುವಾಗುತ್ತದೆ. ಇದನ್ನು ತನ್ನ ಮೈಮೇಲೆಯೇ ನೋಡಿ ಬರೆದಿಟ್ಟವರು ಲಂಡನ್ನಿನ ನರರೋಗ ತಜ್ಞ ಹೆನ್ರಿ ಹೆಡ್. ರೋಗಿಗಳು ಹೇಳುವ ವಿವರ ಅವರಿಗೆ ಸಾಕಾಗಲಿಲ್ಲ. 1903ರ ಏಪ್ರಿಲ್‌ನಲ್ಲಿ ತನ್ನ ಎಡ ಮುಂಗೈಯ ಚರ್ಮದ ನರವನ್ನು ಬೇಕಂತಲೇ ಕತ್ತರಿಸಿ ಹೊಲಿಸಿಕೊಂಡರು. ಮುಂದೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಬಿಡುವಾದಾಗಲೆಲ್ಲ ಕೇಂಬ್ರಿಡ್ಜ್‌ಗೆ ಹೋಗಿ ಗೆಳೆಯ ಡಬ್ಲ್ಯೂ. ಎಚ್. ಆರ್. ರಿವರ್ಸ್ ಎದುರು ಕಣ್ಣು ಮುಚ್ಚಿ ಕೂರುತ್ತಿದ್ದರು. ರಿವರ್ಸ್ ಸೂಜಿ, ಹತ್ತಿ, ಬಿಸಿ, ತಣ್ಣಗಿನ ಕೊಳವೆ ಮುಟ್ಟಿಸಿ ಬರೆದುಕೊಳ್ಳುತ್ತಿದ್ದರು. ಈ ರಿವರ್ಸ್ ಅದಕ್ಕೆ ಸ್ವಲ್ಪ ಮೊದಲು ನಮ್ಮ ಪಕ್ಕದ ನೀಲಗಿರಿಯಲ್ಲಿ ತೋಡರ ನಡುವೆ ಇದ್ದು ಅಧ್ಯಯನ ಮಾಡಿ ಹೋಗಿದ್ದವರು.

ಹೆಡ್‌ಗೆ ಮೊದಲು ಮರಳಿದ್ದು ನೋವು ಮತ್ತು ಜೋರಾದ ಬಿಸಿ, ತಂಪು. ಅದೂ ಎಲ್ಲೆಲ್ಲೋ ಹರಡುವ, ಅತಿಯಾದ, ಹಿತವಲ್ಲದ ಅನುಭವ. ಹತ್ತಿಯ ನಯವಾದ ಸ್ಪರ್ಶ, ಎಲ್ಲಿ ಮುಟ್ಟಿದರು ಅನ್ನುವ ಖಚಿತ ತಿಳಿವು ಬಹಳ ತಡವಾಗಿ ಬಂದವು. ಅವರು ಇದರಿಂದ ಕಟ್ಟಿದ ಸಿದ್ಧಾಂತವನ್ನು ಮುಂದೆ ವಿಜ್ಞಾನ ಒಪ್ಪಲಿಲ್ಲ. ಆದರೆ ಅವರ ವಿವರಣೆ ಇವತ್ತಿಗೂ ರೋಗಿಗಳ ಮಾತಿಗೆ ಹೊಂದುತ್ತದೆ. ನೋವು ತೀರಾ ತಡೆಯಲಾಗದಿದ್ದರೆ ಮಾತ್ರ ಸುಮ್ನೆ ಸಹಿಸಬೇಡಿ. ತುದಿಗಳು ದಾರಿ ಸಿಗದೆ ಗಂಟು ಕಟ್ಟಿಕೊಂಡರೂ ನೋವು ಬರುತ್ತದೆ, ಅದನ್ನು ಡಾಕ್ಟರ್ ನೋಡಬೇಕು.

## ನರದೊಳಗೆ ನಡೆಯುವುದು

ತುಂಡಾದ ಮುಂದಿನ ಭಾಗ ಊಟ ಇಲ್ಲದೆ ಸಾಯುತ್ತೆ, ಅಷ್ಟೇ ಅಲ್ವಾ?

ನೂರಕ್ಕೂ ಹೆಚ್ಚು ವರ್ಷ ಎಲ್ಲರೂ ಹಾಗೇ ಅಂದುಕೊಂಡಿದ್ದರು. 1850ರಲ್ಲಿ ಆಗಸ್ಟಸ್ ವಾಲರ್ ಕಪ್ಪೆಯ ನಾಲಗೆಯ ನರ ಕತ್ತರಿಸಿ, ಮುಂದಿನ ತುಂಡು ಚೂರುಚೂರಾಗುವುದನ್ನು ತೋರಿಸಿದ್ದರು. ಅದಕ್ಕೆ ಇಂದಿಗೂ ಅವರದೇ ಹೆಸರಿದೆ, ವಾಲೇರಿಯನ್ ಅವನತಿ ಅಂತ.

1989ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಒಂದು ಇಲಿ ತಳಿ ಈ ನಂಬಿಕೆಯನ್ನು ಬುಡಮೇಲು ಮಾಡಿತು. ಬೇರೆ ಇಲಿಗಳಲ್ಲಿ ಕತ್ತರಿಸಿದ ಆಕ್ಸಾನ್ ಒಂದೆರಡು ದಿನಗಳಲ್ಲಿ ಪುಡಿಯಾಗುತ್ತದೆ. ಈ ಇಲಿಗಳಲ್ಲಿ ಅದು ಎರಡು ವಾರಕ್ಕೂ ಹೆಚ್ಚು ಕಾಲ ಗಟ್ಟಿಯಾಗಿ ಉಳಿಯಿತು. ಊಟ ಇಲ್ಲದೆ ಸಾಯುವುದಾದರೆ ಇದು ಸಾಧ್ಯವೇ ಇಲ್ಲ. ಅಂದರೆ ಆಕ್ಸಾನ್ ಒಳಗೆ ತನ್ನನ್ನು ತಾನೇ ಕೆಡವಿಕೊಳ್ಳುವ ಒಂದು ಏರ್ಪಾಡು ಇದೆ.

ಆ ಏರ್ಪಾಡಿನ ನಡುವೆ ಇರುವುದು ಸಾರ್ಮ್1 ಅನ್ನುವ ಪ್ರೋಟೀನ್. ಅದು ಇಲ್ಲದಿದ್ದರೆ ಕತ್ತರಿಸಿದ ಆಕ್ಸಾನ್ ಬೇಗ ಸಾಯುವುದಿಲ್ಲ ಎಂದು 2012ರಲ್ಲಿ ಹಣ್ಣಿನ ನೊಣ ಮತ್ತು ಇಲಿಗಳಲ್ಲಿ ಗೊತ್ತಾಯಿತು. ಕೆಲಸ ನಡೆಯುವುದು ಹೀಗೆ. ಕೋಶದ ದೇಹ ಎನ್‌ಎಮ್‌ನ್ಯಾಟ್2 ಅನ್ನುವ ಕಿಣ್ವವನ್ನು ಆಕ್ಸಾನ್‌ಗೆ ಸತತವಾಗಿ ಕಳಿಸುತ್ತಿರುತ್ತದೆ. ಅದಕ್ಕೆ ಆಯಸ್ಸು ಕೆಲವೇ ಗಂಟೆ. ಎನ್‌ಎಮ್‌ಎನ್ ಅನ್ನುವ ವಸ್ತುವನ್ನು ಎನ್‌ಎಡಿಯಾಗಿ ಬದಲಿಸುವುದು ಅದರ ಕೆಲಸ. ಎನ್‌ಎಡಿ ಇಲ್ಲದೆ ಕೋಶಕ್ಕೆ ಶಕ್ತಿ ಹುಟ್ಟುವುದಿಲ್ಲ. ನರ ತುಂಡಾದ ಕೂಡಲೇ ಕಿಣ್ವ ಬರುವುದು ನಿಲ್ಲುತ್ತದೆ. ಎನ್‌ಎಮ್‌ಎನ್ ಏರುತ್ತದೆ, ಎನ್‌ಎಡಿ ಇಳಿಯುತ್ತದೆ. ಎನ್‌ಎಡಿ ಅಂಟಿಕೊಂಡಿರುವವರೆಗೆ ಸುಮ್ಮನಿದ್ದ ಸಾರ್ಮ್1 ಈಗ ಎಚ್ಚರಗೊಳ್ಳುತ್ತದೆ, ಉಳಿದ ಎನ್‌ಎಡಿಯನ್ನೂ ಕತ್ತರಿಸಿ ಹಾಕುತ್ತದೆ. ಶಕ್ತಿ ಬರಿದಾಗುತ್ತದೆ. ಕ್ಯಾಲ್ಸಿಯಂ ಒಳನುಗ್ಗುತ್ತದೆ. ಆಕ್ಸಾನ್ ಪುಡಿಯಾಗುತ್ತದೆ.

ಹಾಗಾದರೆ ಸಾರ್ಮ್1 ತಡೆದುಬಿಟ್ಟರೆ ನರ ಉಳಿಯುತ್ತಲ್ವಾ?

ತುಂಡಾದ ನರಕ್ಕೆ ಇದರಿಂದ ಲಾಭ ಕಾಣುವುದಿಲ್ಲ. ಮೇಲಿನಿಂದ ಬೆಳೆದು ಬರುವ ಆಕ್ಸಾನ್‌ಗೆ ಜಾಗ ಬೇಕು. ಹಳೆಯದು ಬೇಗ ತೆರವಾದಷ್ಟೂ ಹೊಸದಕ್ಕೆ ಅನುಕೂಲ. ಆಕ್ಸ್‌ಫರ್ಡ್‌ನ ಆ ಇಲಿಗಳಲ್ಲಿ ಆಕ್ಸಾನ್ ಸಾಯುವುದು ತಡವಾದಂತೆ ಮರುಬೆಳವಣಿಗೆಯೂ ತಡವಾಯಿತು.

ನರ ತುಂಡಾಗದೆ ನಿಧಾನಕ್ಕೆ ಹಾಳಾಗುವ ಕಾಯಿಲೆಗಳ ಕಥೆ ಬೇರೆ. ಕ್ಯಾನ್ಸರಿನ ಕೀಮೋಥೆರಪಿಯಿಂದ ಕೈಕಾಲು ಜೋಮು ಹಿಡಿಯುವುದರಲ್ಲೂ ಸಾರ್ಮ್1 ಕೈವಾಡ ಇದೆ. ಅಂಥ ಕಡೆ ಇದನ್ನು ತಡೆಯುವ ಔಷಧಿಗೆ ಅರ್ಥವಿದೆ, ಹುಡುಕಾಟವೂ ನಡೆದಿದೆ.

ಶ್ವಾನ್ ಕೋಶ ಅಂತ ಪಾಠದಲ್ಲಿ ಬರುತ್ತೆ. ಅದು ಬರೀ ಹೊದಿಕೆ ತಾನೇ?

ಇಡೀ ವಿಷಯದಲ್ಲಿ ನನಗೆ ಅತಿ ಹೆಚ್ಚು ಬೆರಗು ತರುವುದು ಈ ಕೋಶ. ಇದಕ್ಕೆ ಪಾಠಪುಸ್ತಕದಲ್ಲಿ ಸಿಗುವ ಎರಡು ಸಾಲು ಸಾಲದು.

ಆರೋಗ್ಯವಾಗಿದ್ದಾಗ ಅದು ಆಕ್ಸಾನ್ ಸುತ್ತ ಮೈಲಿನ್ ಸುತ್ತಿಕೊಂಡು ಕೂತಿರುತ್ತದೆ ನಿಜ. ಕ್ರಾಕ್ಸ್20 ಅನ್ನುವ ಪ್ರೋಟೀನ್ ಅದನ್ನು ಆ ಸ್ಥಿತಿಯಲ್ಲಿ ಇಟ್ಟಿರುತ್ತದೆ. ಒಳಗಿನ ಆಕ್ಸಾನ್ ಸತ್ತಾಗ ಶ್ವಾನ್ ಕೋಶ ಸಾಯುವುದಿಲ್ಲ, ಬೇರೆಯೇ ಕೋಶವಾಗಿ ಮಾರ್ಪಡುತ್ತದೆ. ಸಿ-ಜುನ್ ಅನ್ನುವ ಇನ್ನೊಂದು ಪ್ರೋಟೀನ್ ಮೇಲೇಳುತ್ತದೆ. ಸಿ-ಜುನ್ ಮತ್ತು ಕ್ರಾಕ್ಸ್20 ಒಂದನ್ನೊಂದು ಅದುಮುತ್ತವೆ. ಸಿ-ಜುನ್ ಗೆದ್ದಾಗ ಮೈಲಿನ್ ಕಟ್ಟುವ ಜೀನ್‌ಗಳು ಆರುತ್ತವೆ, ರಿಪೇರಿ ಮಾಡುವ ಜೀನ್‌ಗಳು ಹೊತ್ತಿಕೊಳ್ಳುತ್ತವೆ.

ಮಾರ್ಪಟ್ಟ ಕೋಶ ಹಲವು ಕೆಲಸ ಮಾಡುತ್ತದೆ. ತಾನೇ ಕಟ್ಟಿದ್ದ ಮೈಲಿನ್ ಅನ್ನು ತಾನೇ ಒಡೆದು ಜೀರ್ಣಿಸಿಕೊಳ್ಳುತ್ತದೆ. ರಕ್ತದಿಂದ ಮ್ಯಾಕ್ರೋಫೇಜ್ ಅನ್ನುವ ಕಸ ತಿನ್ನುವ ಕೋಶಗಳನ್ನು ಕರೆಯುವ ರಾಸಾಯನಿಕಗಳನ್ನು ಬಿಡುತ್ತದೆ, ಅವು ಬಂದು ಉಳಿದ ಕಸ ತಿನ್ನುತ್ತವೆ. ಜಿಡಿಎನ್‌ಎಫ್, ಬಿಡಿಎನ್‌ಎಫ್, ಎನ್‌ಜಿಎಫ್ ಮೊದಲಾದ ಬೆಳವಣಿಗೆಯ ಪ್ರೋಟೀನುಗಳನ್ನು ಸುರಿಸುತ್ತದೆ. ಮೇಲಿನ ನರಕೋಶ ಸಾಯದೆ ಉಳಿಯುವುದಕ್ಕೂ ಇವು ಬೇಕು. ಆಮೇಲೆ ತಾನೇ ಎರಡು ಮೂರು ಪಟ್ಟು ಉದ್ದವಾಗಿ, ಒಂದರ ಹಿಂದೆ ಒಂದು ಸಾಲಾಗಿ, ಹಳೆಯ ಕೊಳವೆಯೊಳಗೆ ಮಲಗುತ್ತದೆ. ಮಲ್ಲಿಗೆ ಬಳ್ಳಿಗೆ ಹಂದರ ಇದ್ದ ಹಾಗೆ, ಬೆಳೆದು ಬರುವ ಆಕ್ಸಾನ್ ಈ ಸಾಲನ್ನು ಹಿಡಿದು ಮುಂದೆ ಹೋಗುತ್ತದೆ. ಈ ಸಾಲುಗಳಿಗೆ ಬ್ಯೂಂಗ್ನರ್ ಪಟ್ಟಿಗಳು ಅಂತ ಹೆಸರು. ಆಕ್ಸಾನ್ ಬಂದು ತಲುಪಿದ ಮೇಲೆ ಅದರ ಮೇಲಿರುವ ನ್ಯೂರೆಗ್ಯುಲಿನ್ ಅನ್ನುವ ಪ್ರೋಟೀನ್ ಶ್ವಾನ್ ಕೋಶದ ಎರ್ಬ್‌ಬಿ ಗ್ರಾಹಕಗಳನ್ನು, ಅಂದರೆ ಸಂಕೇತ ಹಿಡಿಯುವ ಪ್ರೋಟೀನುಗಳನ್ನು, ಮುಟ್ಟುತ್ತದೆ. ಆಗ ಕೋಶ ಮತ್ತೆ ಮೈಲಿನ್ ಕಟ್ಟಲು ಮರಳುತ್ತದೆ.

ಲಂಡನ್ನಿನ ಕ್ರಿಸ್ಟಿಯಾನ್ ಯೆಸ್ಸೆನ್ ಮತ್ತು ರೋನಾ ಮಿರ್ಸ್ಕಿ ಅವರ ತಂಡ 2012ರಲ್ಲಿ ಶ್ವಾನ್ ಕೋಶದಲ್ಲಿ ಮಾತ್ರ ಸಿ-ಜುನ್ ಇಲ್ಲದ ಇಲಿಗಳನ್ನು ಪರೀಕ್ಷಿಸಿತು. ಅವುಗಳ ನರ ಚೆನ್ನಾಗಿಯೇ ಬೆಳೆದಿತ್ತು, ಕೆಲಸವನ್ನೂ ಮಾಡುತ್ತಿತ್ತು. ಪೆಟ್ಟಾದ ಮೇಲೆ ಮಾತ್ರ ದುರಸ್ತಿ ಸರಿಯಾಗಿ ಆಗಲಿಲ್ಲ. ನರಕೋಶಗಳೂ ಹೆಚ್ಚು ಸತ್ತವು. ಅಂದರೆ ಈ ರಿಪೇರಿ ಕೋಶ ಹುಟ್ಟುವಾಗಿನ ಸ್ಥಿತಿಗೆ ಸುಮ್ನೆ ಹಿಂದಿರುಗಿದ್ದಲ್ಲ. ಗಾಯಕ್ಕೆಂದೇ ಇರುವ ಬೇರೆ ಅವತಾರ ಅದು.

ಎರಡು ತುದಿ ನಡುವೆ ಸ್ವಲ್ಪ ಜಾಗ ಉಳಿದರೆ ಆಕ್ಸಾನ್ ಹಾರಿ ದಾಟುತ್ತಾ?

ಸಣ್ಣ ಜಾಗವಾದರೆ ಮೈ ತಾನೇ ಸೇತುವೆ ಕಟ್ಟುತ್ತದೆ. ಆ ಜಾಗದಲ್ಲಿ ರಕ್ತನಾಳ ಇರುವುದಿಲ್ಲ, ಆಮ್ಲಜನಕ ಕಡಿಮೆ. ಅಲ್ಲಿಗೆ ಬಂದ ಮ್ಯಾಕ್ರೋಫೇಜ್‌ಗಳು ಆ ಕೊರತೆ ಕಂಡು ವಿಇಜಿಎಫ್-ಎ ಅನ್ನುವ ಪ್ರೋಟೀನ್ ಬಿಡುತ್ತವೆ. ಅದರ ಜಾಡು ಹಿಡಿದು ಹೊಸ ರಕ್ತನಾಳಗಳು ಅಡ್ಡಲಾಗಿ ಬೆಳೆಯುತ್ತವೆ. ಶ್ವಾನ್ ಕೋಶಗಳು ಆ ನಾಳಗಳ ಮೈ ಹಿಡಿದು ತೆವಳುತ್ತವೆ, ಹಿಂದೆ ಆಕ್ಸಾನ್‌ಗಳು ಬರುತ್ತವೆ. ಇದು ಗೊತ್ತಾಗಿದ್ದು 2015ರಲ್ಲಿ. ಶ್ವಾನ್ ಕೋಶಗಳು ಚೆದುರದೆ ಗುಂಪಾಗಿ ಹೋಗುವುದಕ್ಕೂ ಕಾರಣ ಇದೆ. ಗಾಯ ತುಂಬುವ ಫೈಬ್ರೋಬ್ಲಾಸ್ಟ್ ಕೋಶಗಳ ಮೇಲಿನ ಎಫ್ರಿನ್-ಬಿ ಅನ್ನುವ ಪ್ರೋಟೀನ್ ಮುಟ್ಟಿದಾಗ ಶ್ವಾನ್ ಕೋಶದಲ್ಲಿ ಸಾಕ್ಸ್2 ಅನ್ನುವ ಇನ್ನೊಂದು ಪ್ರೋಟೀನ್ ಏರಿ, ಕೋಶಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಜಾಗ ದೊಡ್ಡದಾದರೆ ಇದೆಲ್ಲ ನಡೆಯುವುದಿಲ್ಲ. ಆಗ ಕಾಲಿನ ಹಿಂಭಾಗದ ಸೂರಲ್ ಅನ್ನುವ ಸ್ಪರ್ಶದ ನರ ತೆಗೆದು ಕಸಿ ಮಾಡುತ್ತಾರೆ. ಪಾದದ ಹೊರ ಅಂಚು ಸ್ವಲ್ಪ ಮರಗಟ್ಟುತ್ತದೆ, ಅದಕ್ಕೆ ಬದಲಾಗಿ ಕೈ ಸಿಗುತ್ತದೆ. ಹೊಲಿಗೆಯನ್ನು ಬಿಗಿಯಾಗಿ ಎಳೆದು ಹಾಕುವುದಕ್ಕಿಂತ ಕಸಿ ವಾಸಿ. ಎಳೆತಕ್ಕೆ ನರದ ರಕ್ತ ಸಂಚಾರ ಕಡಿಮೆಯಾಗುತ್ತದೆ.

ಏಟು ಬಿದ್ದಿದ್ದು ಮಣಿಕಟ್ಟಿಗೆ, ಕೋಶ ಇರೋದು ಕತ್ತಿನ ಹತ್ತಿರ. ಅದಕ್ಕೆ ಹೇಗೆ ಗೊತ್ತಾಗುತ್ತೆ?

ಸುದ್ದಿ ಎರಡು ಸಲ ಹೋಗುತ್ತದೆ. ಮೊದಲನೆಯದು ಕ್ಯಾಲ್ಸಿಯಂ ಅಲೆ. ಹರಿದ ಜಾಗದಲ್ಲಿ ಕ್ಯಾಲ್ಸಿಯಂ ಒಳನುಗ್ಗಿ, ಅಲೆಯಾಗಿ ಕೋಶದ ದೇಹದವರೆಗೂ ಬೇಗ ಸಾಗುತ್ತದೆ. ಅಲ್ಲಿ ನ್ಯೂಕ್ಲಿಯಸ್ ಒಳಗಿದ್ದ ಎಚ್‌ಡಿಎಸಿ5 ಅನ್ನುವ ಪ್ರೋಟೀನ್ ಹೊರಬೀಳುತ್ತದೆ. ಅದು ಹೊರಬಿದ್ದರೆ ಮುಚ್ಚಿದ್ದ ಕೆಲವು ಜೀನ್‌ಗಳು ತೆರೆದುಕೊಳ್ಳುತ್ತವೆ.

ಎರಡನೆಯದು ನಿಧಾನದ್ದು, ಹೆಚ್ಚು ವಿವರ ಹೊತ್ತದ್ದು. ಗಾಯವಾದ ಜಾಗದಲ್ಲೇ, ಆಕ್ಸಾನ್ ಒಳಗೇ, ಇಂಪೋರ್ಟಿನ್-ಬೀಟಾ ಅನ್ನುವ ಪ್ರೋಟೀನ್ ಹೊಸದಾಗಿ ತಯಾರಾಗುತ್ತದೆ. ಇಸ್ರೇಲಿನ ವೈಜ್ಮನ್ ಸಂಸ್ಥೆಯ ತಂಡ 2003ರಲ್ಲಿ ಇದನ್ನು ತೋರಿಸಿತು. ಅದು ಇತರ ಸಂದೇಶ ಪ್ರೋಟೀನುಗಳನ್ನು ಡೈನೀನ್ ಅನ್ನುವ ಚಾಲಕ ಪ್ರೋಟೀನ್‌ಗೆ ಕಟ್ಟುತ್ತದೆ, ಡೈನೀನ್ ಅವನ್ನು ಮೇಲಕ್ಕೆ ಎಳೆದೊಯ್ಯುತ್ತದೆ. ಸ್ಟ್ಯಾಟ್3 ಅನ್ನುವ ಸಂದೇಶ ಪ್ರೋಟೀನ್ ಹೀಗೇ ಹೋಗುತ್ತದೆ. ಡಿಎಲ್‌ಕೆ ಅನ್ನುವ ಕಿಣ್ವ ಇಲ್ಲದಿದ್ದರೆ ಈ ಸುದ್ದಿ ಸರಿಯಾಗಿ ತಲುಪುವುದಿಲ್ಲ.

ಸುದ್ದಿ ಬಂದ ಮೇಲೆ ಸಿ-ಜುನ್, ಎಟಿಎಫ್3, ಸಾಕ್ಸ್11 ಅನ್ನುವ ಪ್ರೋಟೀನುಗಳು ಏರುತ್ತವೆ. ಇವು ನೂರಾರು ಜೀನ್‌ಗಳನ್ನು ಹೊತ್ತಿಸುತ್ತವೆ. ಅಲ್ಲಿಯವರೆಗೆ ಸಂದೇಶ ಸಾಗಿಸುತ್ತಿದ್ದ ಕೋಶ ಈಗ ಬೆಳೆಯುವ ಕೋಶವಾಗುತ್ತದೆ. ಗಮನಿಸಿ, ಸಿ-ಜುನ್ ಇಲ್ಲೂ ಇದೆ, ಶ್ವಾನ್ ಕೋಶದಲ್ಲೂ ಇದೆ. ಎರಡೂ ಕಡೆ ಒಂದೇ ಪ್ರೋಟೀನ್ ದುರಸ್ತಿಗೆ ಚಾಲನೆ ಕೊಡುತ್ತದೆ.

ಬೆಳೆಯೋ ತುದಿಗೆ ಸರಿಯಾದ ಬೆರಳಿಗೇ ಹೋಗಬೇಕು ಅಂತ ಯಾರು ಹೇಳ್ತಾರೆ?

ಪೂರ್ತಿಯಾಗಿ ಯಾರೂ ಹೇಳುವುದಿಲ್ಲ, ಅದೇ ತೊಂದರೆ. ಕೊಳವೆ ಉಳಿದಿದ್ದರೆ ಆಕ್ಸಾನ್ ಹಳೆಯ ದಾರಿಯಲ್ಲೇ ಹೋಗಿ ಸರಿಯಾದ ಕಡೆ ಸೇರುತ್ತದೆ. ಪೂರ್ತಿ ತುಂಡಾಗಿ ಹೊಲಿದಿದ್ದರೆ ತಪ್ಪು ಕೊಳವೆಗೆ ನುಗ್ಗುವ ಸಾಧ್ಯತೆ ಬಹಳ. ತೋರುಬೆರಳು ಮುಟ್ಟಿದರೆ ನಡುಬೆರಳು ಅನ್ನಿಸುವುದು ಇದರಿಂದಲೇ. ಮಿದುಳು ಮತ್ತೆ ಕಲಿಯಬೇಕು. ಕಣ್ಣು ಮುಚ್ಚಿ ವಸ್ತು ಗುರುತಿಸುವ ಅಭ್ಯಾಸವನ್ನು ಥೆರಪಿಸ್ಟ್ ಮಾಡಿಸುವುದು ಅದಕ್ಕೇ. ದಯವಿಟ್ಟು ಅದನ್ನು ಬಿಡಬೇಡಿ.

ಆಕ್ಸಾನ್ ತುದಿಯಲ್ಲಿ ಬೆಳವಣಿಗೆಯ ಶಂಕು ಇರುತ್ತದೆ. ಸ್ಪೇನಿನ ರಾಮೋನ್ ಇ ಕಹಾಲ್ 1890ರಲ್ಲಿ ಅದನ್ನು ಮೊದಲು ವಿವರಿಸಿದರು. ಅದು ಸುತ್ತಲಿನ ರಾಸಾಯನಿಕಗಳನ್ನು ತಡವಿ ನೋಡುತ್ತ ಹೋಗುತ್ತದೆ. ಅಂಥ ರಾಸಾಯನಿಕಗಳಲ್ಲಿ ಮೊದಲು ಸಿಕ್ಕಿದ್ದು ಎನ್‌ಜಿಎಫ್. ಅದಕ್ಕೆ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟಾನ್ಲಿ ಕೋಹೆನ್ ಅವರಿಗೆ 1986ರ ನೊಬೆಲ್ ಬಂತು. ಸ್ನಾಯುವಿಗೆ ಹೋಗಬೇಕಾದ ಆಕ್ಸಾನ್‌ಗಳು ಸ್ನಾಯುವಿನ ಕೊಳವೆಯನ್ನೇ ಸ್ವಲ್ಪ ಹೆಚ್ಚಾಗಿ ಆರಿಸುತ್ತವೆ ಎಂದು 1988ರಲ್ಲಿ ಥಾಮಸ್ ಬ್ರಶಾರ್ಟ್ ಇಲಿಗಳಲ್ಲಿ ಕಂಡರು.

## ಕಾಲ ಮತ್ತು ಚಿಕಿತ್ಸೆ

ನಿಧಾನಕ್ಕಾದರೂ ಬೆಳೆಯುತ್ತಲ್ಲ, ಆಪರೇಷನ್ ಆಮೇಲೆ ಮಾಡಿಸಿದರೆ ಆಗಲ್ವಾ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ತಡ ಮಾಡಬೇಡಿ.

ಶ್ವಾನ್ ಕೋಶದ ರಿಪೇರಿ ಅವತಾರ ಶಾಶ್ವತ ಅಲ್ಲ. ತಿಂಗಳುಗಟ್ಟಲೆ ಆಕ್ಸಾನ್ ಬಾರದಿದ್ದರೆ ಸಿ-ಜುನ್ ಇಳಿಯುತ್ತದೆ. ಜಿಡಿಎನ್‌ಎಫ್ ಮೊದಲಾದವು ಬತ್ತುತ್ತವೆ. ಕೋಶಗಳ ಸಂಖ್ಯೆಯೂ ಕಡಿಮೆಯಾಗುತ್ತದೆ. ಮೇಲಿನ ಆಕ್ಸಾನ್ ಬೆಳೆಯಲು ಸಿದ್ಧವಿದ್ದರೂ ಹೋಗಲು ದಾರಿ ಉಳಿದಿರುವುದಿಲ್ಲ.

ಕೆನಡಾದಲ್ಲಿ ಸೂಸನ್ ಫು ಮತ್ತು ಟೆಸ್ಸಾ ಗಾರ್ಡನ್ 1995ರಲ್ಲಿ ಇಲಿಗಳಲ್ಲಿ ಇದನ್ನು ಬಿಡಿಸಿ ನೋಡಿದರು. ಮೇಲಿನ ನರಕೋಶ ತಿಂಗಳುಗಟ್ಟಲೆ ಗುರಿ ಸೇರದೆ ಕಾದಿದ್ದರೆ ಸ್ನಾಯು ತಲುಪುವ ಆಕ್ಸಾನ್‌ಗಳು ಮೂರನೇ ಒಂದು ಭಾಗದಷ್ಟಕ್ಕೆ ಇಳಿದವು. ಕೆಳಗಿನ ತುಂಡು ಅಷ್ಟೇ ಕಾಲ ಖಾಲಿ ಬಿದ್ದಿದ್ದರೆ ಹತ್ತರಲ್ಲಿ ಒಂದಕ್ಕಿಂತಲೂ ಕಡಿಮೆಯಾದವು. ಅಂದರೆ ಹೆಚ್ಚು ಕೆಡುವುದು ದಾರಿಯೇ.

ಸ್ನಾಯುವೂ ಕಾಯುವುದಿಲ್ಲ. ನರ ಸೇರುವ ಜಾಗಗಳು 12ರಿಂದ 18 ತಿಂಗಳಾದ ಮೇಲೆ ಕೆಲಸಕ್ಕೆ ಬಾರದ ಹಾಗೆ ಆಗುತ್ತವೆ. ಸ್ಪರ್ಶಕ್ಕೆ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ.

ತಮ್ಮ ಬೈಕಿಂದ ಬಿದ್ದ. ಭುಜದಿಂದ ಕೆಳಗೆ ಕೈ ಎತ್ತೋಕೇ ಆಗ್ತಿಲ್ಲ. ಡಾಕ್ಟರ್ ಬೇರೆ ನರ ತಂದು ಜೋಡಿಸ್ತೀವಿ ಅಂತಾರೆ. ಯಾಕೆ?

ಬೈಕ್ ಅಪಘಾತಗಳಲ್ಲಿ ತಲೆ ಒಂದು ಕಡೆ, ಭುಜ ಇನ್ನೊಂದು ಕಡೆ ಎಳೆದು ಕತ್ತಿನ ಪಕ್ಕದ ನರಗಳ ಜಾಲ ಹರಿಯುತ್ತದೆ. ನಮ್ಮ ದೇಶದಲ್ಲಿ ಈ ಗಾಯಕ್ಕೆ ದ್ವಿಚಕ್ರ ವಾಹನವೇ ದೊಡ್ಡ ಕಾರಣ. ಕೆಲವೊಮ್ಮೆ ಬೇರು ಬೆನ್ನುಹುರಿಯಿಂದಲೇ ಕಿತ್ತುಬಂದಿರುತ್ತದೆ. ಆಗ ಹೊಲಿಯಲು ಮೇಲಿನ ತುದಿಯೇ ಇರುವುದಿಲ್ಲ.

ಇನ್ನು ಲೆಕ್ಕ ನೋಡಿ. ಕತ್ತಿನಿಂದ ಅಂಗೈಗೆ 70 ಸೆಂಟಿಮೀಟರ್ ಇದ್ದರೆ ದಿನಕ್ಕೆ 1 ಮಿಲಿಮೀಟರಿನಂತೆ ಸುಮಾರು ಎರಡು ವರ್ಷ. ಅಷ್ಟರಲ್ಲಿ ಸ್ನಾಯುವಿನ ಅವಧಿ ಮುಗಿದಿರುತ್ತದೆ. ಅದಕ್ಕೇ ಗುರಿಯ ಹತ್ತಿರದಲ್ಲೇ ಇರುವ, ಕೆಲಸ ಮಾಡುತ್ತಿರುವ ನರದ ಒಂದು ಎಳೆ ತೆಗೆದು ಜೋಡಿಸುತ್ತಾರೆ. ಫ್ರಾನ್ಸಿನ ಕ್ರಿಸ್ಟೋಫ್ ಓಬರ್ಲಿನ್ 1994ರಲ್ಲಿ ವಿವರಿಸಿದ ವಿಧಾನದಲ್ಲಿ, ಅಂಗೈಗೆ ಹೋಗುವ ಅಲ್ನರ್ ನರದ ಸಣ್ಣ ಭಾಗವನ್ನು ಮೊಣಕೈ ಮಡಚುವ ಬೈಸೆಪ್ಸ್‌ನ ನರಕ್ಕೆ ಸೇರಿಸುತ್ತಾರೆ. ಆಕ್ಸಾನ್ ಕೆಲವೇ ಸೆಂಟಿಮೀಟರ್ ಬೆಳೆದರೆ ಸಾಕು. ನಿಮ್ಮ ತಮ್ಮನನ್ನು ಈ ಆಪರೇಷನ್ ಮಾಡುವ ಅನುಭವಿ ಸರ್ಜನ್ ಹತ್ತಿರ ಬೇಗ ಕರೆದುಕೊಂಡು ಹೋಗಿ. ವರ್ಷ ಕಳೆದು ಬಂದವರಿಗೆ ದಾರಿಗಳು ಬಹಳ ಕಡಿಮೆ.

ಕರೆಂಟ್ ಕೊಟ್ಟರೆ ಬೇಗ ಬೆಳೆಯುತ್ತೆ ಅಂತಾರೆ. ನಿಜಾನಾ?

ಇದರಲ್ಲಿ ಹುರುಳಿದೆ, ಆದರೆ ಮನೆಯಲ್ಲಿ ಇಟ್ಟುಕೊಳ್ಳುವ ಮೆಷಿನ್ ವಿಷಯ ಇದಲ್ಲ. ಟೆಸ್ಸಾ ಗಾರ್ಡನ್ ಮತ್ತು ಬ್ರಶಾರ್ಟ್ ಇದ್ದ ತಂಡ 2000ದಲ್ಲಿ ಇಲಿಗಳ ನರ ಹೊಲಿದ ಕೂಡಲೇ, ಹೊಲಿಗೆಯ ಮೇಲ್ಭಾಗದಲ್ಲಿ ಸೆಕೆಂಡಿಗೆ 20 ಸಲದಂತೆ ಸಣ್ಣ ವಿದ್ಯುತ್ ಕೊಟ್ಟಿತು. ಸ್ನಾಯುವಿನ ಆಕ್ಸಾನ್‌ಗಳೆಲ್ಲ ಹೊಲಿಗೆ ದಾಟಿ ಬೆಳೆಯಲು ಎಂಟು ಹತ್ತು ವಾರ ಹಿಡಿಯುತ್ತಿದ್ದದ್ದು ಮೂರು ವಾರಕ್ಕೆ ಇಳಿಯಿತು. ಬರೀ ಒಂದು ಗಂಟೆ ಕೊಟ್ಟರೂ ಅಷ್ಟೇ ಫಲ. ವಿದ್ಯುತ್ ಮೇಲಿನ ಕೋಶದ ದೇಹಕ್ಕೆ ತಲುಪದಂತೆ ಔಷಧಿಯಿಂದ ತಡೆದಾಗ ಲಾಭ ಪೂರ್ತಿ ಹೋಯಿತು. ಅಂದರೆ ಅದು ಎಬ್ಬಿಸುವುದು ಕೋಶವನ್ನು. ಅಲ್ಲಿ ಕೋಶದೊಳಗೆ ಸುದ್ದಿ ಸಾಗಿಸುವ ಸೈಕ್ಲಿಕ್ ಎಎಮ್‌ಪಿ ಅನ್ನುವ ಸಣ್ಣ ಅಣು ಏರುತ್ತದೆ, ಬಿಡಿಎನ್‌ಎಫ್ ಮತ್ತು ಅದರ ಗ್ರಾಹಕ ಏರುತ್ತವೆ, ಬೆಳವಣಿಗೆಯ ಜೀನ್‌ಗಳು ಬೇಗ ಹೊತ್ತಿಕೊಳ್ಳುತ್ತವೆ.

ಮಣಿಕಟ್ಟಿನಲ್ಲಿ ನರ ಒತ್ತಡಕ್ಕೆ ಸಿಕ್ಕಿದ ರೋಗಿಗಳಲ್ಲಿ 2010ರಲ್ಲಿ ಇದೇ ಪ್ರಯೋಗ ನಡೆದು, ಹೆಬ್ಬೆರಳಿನ ಸ್ನಾಯುಗಳಿಗೆ ನರ ಮರಳುವುದು ಚುರುಕಾಯಿತು. ಅಣುಗಳ ಲೋಕದಿಂದ ಆಪರೇಷನ್ ಕೋಣೆಯವರೆಗೆ ಬಂದ ಕೆಲವೇ ಸಂಗತಿಗಳಲ್ಲಿ ಇದೊಂದು. ಇನ್ನೂ ಎಲ್ಲ ಕಡೆ ವಾಡಿಕೆಗೆ ಬಂದಿಲ್ಲ.

ಮೀಥೈಲ್‌ಕೋಬಾಲಮಿನ್ ಮಾತ್ರೆ ಬರೆದಿದ್ದಾರೆ. ಅದರಿಂದ ನರ ಬೆಳೆಯುತ್ತಾ?

ಅದು ವಿಟಮಿನ್ ಬಿ12ನ ಒಂದು ರೂಪ. ಬಿ12 ಕೊರತೆ ಇದ್ದರೆ ಖಂಡಿತ ಬೇಕು. ಕೊರತೆಯೇ ನರವನ್ನು ಹಾಳು ಮಾಡುತ್ತದೆ. ಮಾಂಸ, ಹಾಲು ಕಡಿಮೆ ತಿನ್ನುವ ನಮ್ಮಂಥವರಲ್ಲಿ ಕೊರತೆ ಜಾಸ್ತಿ, ರಕ್ತ ಪರೀಕ್ಷೆ ಮಾಡಿಸಿ. ಇಲಿಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಎರ್ಕ್ ಮತ್ತು ಆಕ್ಟ್ ಅನ್ನುವ ಬೆಳವಣಿಗೆಯ ದಾರಿಗಳು ಚುರುಕಾಗಿ ನರ ಚೆನ್ನಾಗಿ ಬೆಳೆದದ್ದುಂಟು. ಆದರೆ ಕೊರತೆ ಇಲ್ಲದ ಮನುಷ್ಯರಲ್ಲಿ ತುಂಡಾದ ನರ ಇದರಿಂದ ಬೇಗ ಬೆಳೆಯುತ್ತದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಇಲ್ಲ. ಮಾತ್ರೆ ನುಂಗುತ್ತ ಆಪರೇಷನ್ ಮುಂದೂಡುವುದು ದೊಡ್ಡ ತಪ್ಪು.

ಸಕ್ಕರೆ ಕಾಯಿಲೆ ಇದೆ. ನರ ಬೆಳೆಯೋಕೆ ಅಡ್ಡಿ ಆಗುತ್ತಾ?

ಆಗುತ್ತದೆ. ಸಣ್ಣ ರಕ್ತನಾಳಗಳು ಕೆಡುತ್ತವೆ, ಕಸ ತೆಗೆಯುವುದು ನಿಧಾನವಾಗುತ್ತದೆ, ಶ್ವಾನ್ ಕೋಶಗಳು ಬಳಲುತ್ತವೆ. ಇನ್ಸುಲಿನ್ ಸ್ವತಃ ನರಕೋಶಕ್ಕೆ ಬೆಳವಣಿಗೆಯ ಸಂಕೇತ ಕೊಡುತ್ತದೆ, ಅದು ಸಾಲದಾಗುವುದೂ ಒಂದು ಕಾರಣ. ಸಕ್ಕರೆಯನ್ನು ಹಿಡಿತದಲ್ಲಿಡಿ. ಮರಗಟ್ಟಿದ ಪಾದವನ್ನು ದಿನಾ ನೋಡಿಕೊಳ್ಳಿ.

## ಇನ್ನೂ ಆಳಕ್ಕೆ

ಎನ್‌ಜಿಎಫ್ ನೊಬೆಲ್ ಬಂದ ಪ್ರೋಟೀನ್. ಅದನ್ನೇ ಇಂಜೆಕ್ಷನ್ ಕೊಟ್ಟರೆ ಮುಗೀತಲ್ಲ?

ಕೊಟ್ಟು ನೋಡಿದ್ದಾರೆ. ಮಧುಮೇಹದ ನರ ತೊಂದರೆಗೆ 1990ರ ದಶಕದಲ್ಲಿ ದೊಡ್ಡ ಪ್ರಯೋಗ ನಡೆಯಿತು, ಕೊನೆಯ ಹಂತದಲ್ಲಿ ಲಾಭ ಕಾಣಲಿಲ್ಲ. ಚುಚ್ಚಿದ ಕಡೆ ನೋವು ಮಾತ್ರ ಬಂತು. ಎನ್‌ಜಿಎಫ್ ನೋವಿನ ನರಗಳನ್ನೂ ಕೆರಳಿಸುತ್ತದೆ. ಸ್ನಾಯುವಿನ ನರಕೋಶಗಳಲ್ಲಿ ಅದರ ಮುಖ್ಯ ಗ್ರಾಹಕ ಇಲ್ಲ, ಹಾಗಾಗಿ ಕೈ ಆಡಿಸಲು ಅದರಿಂದ ಉಪಯೋಗವೂ ಇಲ್ಲ.

ಜಿಡಿಎನ್‌ಎಫ್ ಕಲಿಸಿದ ಪಾಠ ಇನ್ನೂ ಸ್ವಾರಸ್ಯದ್ದು. ಪ್ರಾಣಿಗಳ ನರದ ಒಂದು ಜಾಗದಲ್ಲಿ ಜೀನ್ ಚಿಕಿತ್ಸೆಯಿಂದ ಅದು ಸದಾ ಹೆಚ್ಚಾಗಿ ಒಸರುವಂತೆ ಮಾಡಿದರು. ಆಕ್ಸಾನ್‌ಗಳು ಅಲ್ಲಿಗೆ ಬಂದವು, ಅಲ್ಲೇ ಸುರುಳಿ ಸುತ್ತಿಕೊಂಡು ನಿಂತವು, ಮುಂದೆ ಹೋಗಲೇ ಇಲ್ಲ. ಎಲ್ಲಿ, ಯಾವಾಗ, ಎಷ್ಟು ದಿನ ಅನ್ನುವುದೇ ಮುಖ್ಯ. ಶ್ವಾನ್ ಕೋಶ ಅದನ್ನು ಸರಿಯಾದ ಹೊತ್ತಿಗೆ ಕೊಟ್ಟು ನಿಲ್ಲಿಸುತ್ತದೆ. ನಾವು ಅದನ್ನು ಇನ್ನೂ ಕಲಿಯುತ್ತಿದ್ದೇವೆ.

ಕೈ ನರ ಬೆಳೆಯುತ್ತೆ, ಬೆನ್ನುಹುರಿ ಯಾಕೆ ಬೆಳೆಯಲ್ಲ?

1981ರಲ್ಲಿ ಮಾಂಟ್ರಿಯಲ್‌ನಲ್ಲಿ ಸ್ಯಾಮ್ಯುಯೆಲ್ ಡೇವಿಡ್ ಮತ್ತು ಆಲ್ಬರ್ಟ್ ಅಗ್ವಾಯೊ ಇಲಿಯ ಕಾಲಿನ ನರದ ತುಂಡನ್ನು ಮಿದುಳಬುಡಕ್ಕೂ ಬೆನ್ನುಹುರಿಗೂ ನಡುವೆ ಸೇತುವೆಯಾಗಿ ಇಟ್ಟರು. ಬೆಳೆಯುವುದೇ ಇಲ್ಲ ಎಂದುಕೊಂಡಿದ್ದ ಆಕ್ಸಾನ್‌ಗಳು ಅದರೊಳಗೆ ಸುಮಾರು 3 ಸೆಂಟಿಮೀಟರ್ ಬೆಳೆದವು. ಶಕ್ತಿ ಇತ್ತು, ನೆಲ ಸರಿಯಿರಲಿಲ್ಲ. ಬೆನ್ನುಹುರಿಯಲ್ಲಿ ಶ್ವಾನ್ ಕೋಶಗಳಿಲ್ಲ. ಅಲ್ಲಿ ಮೈಲಿನ್ ಕಸ ತಿಂಗಳುಗಟ್ಟಲೆ ಬಿದ್ದಿರುತ್ತದೆ. ಅದರಲ್ಲಿರುವ ನೊಗೊ, ಎಮ್‌ಎಜಿ ಅನ್ನುವ ಪ್ರೋಟೀನುಗಳು ಆಕ್ಸಾನ್ ಒಳಗೆ ರೋ-ಎ ಅನ್ನುವ ಸಂಕೇತ ಎಬ್ಬಿಸಿ ಬೆಳವಣಿಗೆಯ ಶಂಕುವನ್ನು ಮುದುಡಿಸುತ್ತವೆ.

ಇನ್ನೊಂದು ಪ್ರಯೋಗ ಕೋಶದ ಒಳಗನ್ನೂ ತೋರಿಸಿತು. ಸ್ಪರ್ಶದ ನರಕೋಶಕ್ಕೆ ಎರಡು ಕವಲು, ಒಂದು ಕಾಲಿಗೆ, ಇನ್ನೊಂದು ಬೆನ್ನುಹುರಿಯೊಳಗೆ. ಕಾಲಿನ ಕವಲಿಗೆ ಮೊದಲೇ ಪೆಟ್ಟು ಕೊಟ್ಟಿದ್ದರೆ ಬೆನ್ನುಹುರಿಯ ಕವಲೂ ಬೆಳೆಯುವ ಹುಮ್ಮಸ್ಸು ಪಡೆಯುತ್ತದೆ. ಇದರ ಹಿಂದೆಯೂ ಸೈಕ್ಲಿಕ್ ಎಎಮ್‌ಪಿ ಇದೆ ಎಂದು 2002ರಲ್ಲಿ ಗೊತ್ತಾಯಿತು.

ಕುಷ್ಠದಲ್ಲಿ ಕೈ ಮರಗಟ್ಟೋದಕ್ಕೂ ಈ ದಾರಿಗಳಿಗೂ ಸಂಬಂಧ ಇದೆಯಾ?

ನೇರ ಸಂಬಂಧ ಇದೆ. ಕುಷ್ಠದ ಬ್ಯಾಕ್ಟೀರಿಯಾ ಮನೆ ಮಾಡುವುದೇ ಶ್ವಾನ್ ಕೋಶದಲ್ಲಿ. ಅದರ ಮೈಮೇಲಿನ ಪಿಜಿಎಲ್-1 ಅನ್ನುವ ಕೊಬ್ಬು ಶ್ವಾನ್ ಕೋಶದ ಸುತ್ತಲಿನ ಲ್ಯಾಮಿನಿನ್ ಅನ್ನುವ ಪ್ರೋಟೀನ್‌ಗೆ ಅಂಟುತ್ತದೆ. ಬ್ಯಾಕ್ಟೀರಿಯಾ ಎರ್ಬ್‌ಬಿ2 ಗ್ರಾಹಕವನ್ನು ನ್ಯೂರೆಗ್ಯುಲಿನ್ ಇಲ್ಲದೆಯೇ ಎಬ್ಬಿಸಿ ಮೈಲಿನ್ ಕಳಚುವಂತೆ ಮಾಡುತ್ತದೆ. ಗಾಯವೇ ಇಲ್ಲದೆ ಗಾಯದ ಸಂಕೇತ. ಇಲಿಯ ಶ್ವಾನ್ ಕೋಶಗಳನ್ನು ಅದು ಕಾಂಡಕೋಶದಂಥ ಸ್ಥಿತಿಗೆ ತಿರುಗಿಸಿ, ಅವುಗಳ ಮೂಲಕವೇ ಹರಡುತ್ತದೆ ಎಂದು 2013ರಲ್ಲಿ ಎಡಿನ್‌ಬರದ ತಂಡ ತೋರಿಸಿತು. ಮೈಯ ರೋಗನಿರೋಧಕ ಕೋಶಗಳ ದಾಳಿಯಿಂದಲೂ ನರ ಕೆಡುತ್ತದೆ.

ಲೋಕದಲ್ಲಿ ಪ್ರತಿವರ್ಷ ಪತ್ತೆಯಾಗುವ ಹೊಸ ಕುಷ್ಠ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಭಾರತದವರು. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ರೋಗ ಪೂರ್ತಿ ವಾಸಿಯಾಗುತ್ತದೆ. ಹೋದ ನರ ಮಾತ್ರ ಮರಳುವುದು ಕಷ್ಟ. ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಕಂಡರೆ ನಾಚಿಕೆ ಬಿಟ್ಟು ಕೂಡಲೇ ತೋರಿಸಿ.

ಪಿಟೆನ್ ತೆಗೆದರೆ ನರ ಚೆನ್ನಾಗಿ ಬೆಳೆಯುತ್ತೆ ಅಂತ ಓದಿದೆ. ಹಾಗಾದರೆ ಅದಕ್ಕೆ ಮಾತ್ರೆ ಯಾಕೆ ಬಂದಿಲ್ಲ?

ಪಿಟೆನ್ ಅನ್ನುವ ಪ್ರೋಟೀನ್ ಕೋಶದ ಬೆಳವಣಿಗೆಗೆ ಹಾಕಿದ ಕಡಿವಾಣ. ಪಿಐ3-ಕೈನೇಸ್, ಆಕ್ಟ್, ಎಮ್‌ಟಾರ್ ಅನ್ನುವ ಬೆಳವಣಿಗೆಯ ದಾರಿಯನ್ನು ಅದು ತಗ್ಗಿಸಿಡುತ್ತದೆ. 2008ರಲ್ಲಿ ಇಲಿಯ ಕಣ್ಣಿನ ನರಕೋಶಗಳಲ್ಲಿ ಪಿಟೆನ್ ತೆಗೆದಾಗ ಬೆಳೆಯದ ಆಕ್ಸಾನ್‌ಗಳು ಬೆಳೆದವು. 2010ರಲ್ಲಿ ಕೆನಡಾದ ಡಗ್ಲಾಸ್ ಜೊಕೋಡ್ನೆ ಅವರ ತಂಡ ಕಾಲಿನ ನರದಲ್ಲೂ, ಗಾಯದ ಜಾಗದಲ್ಲಿ ಪಿಟೆನ್ ತಗ್ಗಿಸಿ ಬೆಳವಣಿಗೆ ಹೆಚ್ಚಿಸಿತು.

ತೊಡಕು ಏನೆಂದರೆ ಇದೇ ಪಿಟೆನ್ ನಮ್ಮನ್ನು ಕ್ಯಾನ್ಸರಿನಿಂದ ಕಾಯುತ್ತದೆ. ಹುಟ್ಟಿನಿಂದ ಅದರ ಜೀನ್ ಕೆಟ್ಟಿರುವವರಿಗೆ ಸ್ತನ, ಥೈರಾಯ್ಡ್ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು. ಮೈಯೆಲ್ಲ ಹರಡುವ ಮಾತ್ರೆಯಾಗಿ ತಿಂಗಳುಗಟ್ಟಲೆ ಇದನ್ನು ತಡೆಯಲಾಗುವುದಿಲ್ಲ. ಗಾಯದ ಜಾಗದಲ್ಲಿ ಮಾತ್ರ, ಸ್ವಲ್ಪ ದಿನ ಮಾತ್ರ ತಗ್ಗಿಸುವ ದಾರಿಯನ್ನು ಹುಡುಕುತ್ತಿದ್ದಾರೆ.

ನನಗೆ ಹೆಚ್ಚು ಭರವಸೆ ಇರುವುದು ದಾರಿಯನ್ನು ಉಳಿಸುವ ಕೆಲಸದಲ್ಲಿ. ಯೆಸ್ಸೆನ್ ಮತ್ತು ಮಿರ್ಸ್ಕಿ ತಂಡ 2021ರಲ್ಲಿ, ಮುದಿ ಇಲಿಗಳಲ್ಲೂ ಬಹುಕಾಲ ಖಾಲಿ ಬಿದ್ದ ನರಗಳಲ್ಲೂ ಶ್ವಾನ್ ಕೋಶದ ಸಿ-ಜುನ್ ಅನ್ನು ಮತ್ತೆ ಮೇಲಕ್ಕೆ ತಂದಿತು. ಕೆಟ್ಟುಹೋಗಿದ್ದ ಮರುಬೆಳವಣಿಗೆ ಮತ್ತೆ ಒಳ್ಳೆಯ ಮಟ್ಟಕ್ಕೆ ಬಂತು. ಇದು ಜೀನ್ ಬದಲಿಸಿದ ಇಲಿಗಳಲ್ಲಿ ಆದದ್ದು. ಮನುಷ್ಯರಲ್ಲಿ ಇದೇ ಕೆಲಸವನ್ನು ಸುರಕ್ಷಿತವಾಗಿ ಮಾಡುವ ಔಷಧಿ ಇನ್ನೂ ಬಂದಿಲ್ಲ.